ಬಾಗಿಲ ಕಡೆ ವಾಲಿದ ಬಸ್ಸು

ಇಪ್ಪತ್ತು ವರ್ಷದಿಂದ ಒಂದೇ ರೂಟಿನಲ್ಲಿ ಬಸ್ ಓಡಿಸುತ್ತಿದ್ದೇನೆ. ಇಲ್ಲದ್ದನ್ನು ಕಟ್ಟಿ ಹೇಳುವ ಚಟ ನನಗಿಲ್ಲ.

ಒಂದು ಮಧ್ಯಾಹ್ನ ಬಸ್ಸಿನಲ್ಲಿ ಪ್ರಯಾಣಿಕರು ಯಾರೂ ಉಳಿದಿರಲಿಲ್ಲ. ಕೊನೆಯ ನಿಲ್ದಾಣಕ್ಕೆ ಇನ್ನೂ ಮೂರು ಮೈಲಿ ಕೆಟ್ಟ ರಸ್ತೆ. "ಅಲ್ಲಿ ಯಾರಿರ್ತಾರಣ್ಣ, ಕಾಗೆ ಹತ್ತಿಸ್ಕೊಂಡು ಬರೋದಾ?" ಎಂದು ಕಂಡಕ್ಟರ್ ನಕ್ಕ. ನಾನೂ ನಕ್ಕೆ. ಅರ್ಧ ಗಂಟೆ ನಿದ್ದೆ ಸಿಗುತ್ತದಲ್ಲ ಎಂದು ಅಲ್ಲಿಂದಲೇ ಬಸ್ ತಿರುಗಿಸಿದೆ.

ಮರುದಿನ ಹೋದಾಗ ಒಬ್ಬ ಹೆಂಗಸು ನಿಲ್ದಾಣದ ಕಲ್ಲುಬೆಂಚಿನ ಪಕ್ಕ ನಿಂತಿದ್ದಳು. ಆಸ್ಪತ್ರೆಯ ಚೀಟಿ ಹಿಡಿದು ಬಸ್ಸಿಗೆ ಕಾದಿದ್ದ ಅವಳ ತಾಯಿ, ಸಂಜೆಯ ಹೊತ್ತಿಗೆ ಆ ಬೆಂಚಿನ ಮೇಲೆ ಕೂತಲ್ಲೇ ತೀರಿಕೊಂಡಿದ್ದರಂತೆ.

"ನಿನ್ನೆ ಯಾಕಣ್ಣ ಬರ್ಲಿಲ್ಲ?"

"ಬಸ್ ಕೆಟ್ಟೋಗಿತ್ತಮ್ಮ," ಎಂದೆ.

ಅಂದಿನಿಂದ ಒಂದು ದಿನವೂ ಕೊನೆಯ ನಿಲ್ದಾಣ ತಪ್ಪಿಸಿಲ್ಲ. ಬೆಂಚು ಖಾಲಿಯಿರುತ್ತದೆ. ಆದರೂ ಬಾಗಿಲು ತೆರೆದರೆ ಮೆಟ್ಟಿಲು ಕಿರ್ರೆನ್ನುತ್ತದೆ, ಬಸ್ಸು ಆ ಕಡೆಗೆ ಒಂದಿಷ್ಟು ತಗ್ಗುತ್ತದೆ. ಯಾರಾದರೂ ಹತ್ತಿದ್ದು ಚಾಲಕನಿಗೆ ತಿಳಿಯುವುದೇ ಹಾಗೆ. ಆಸ್ಪತ್ರೆಯ ಗೇಟಿನ ಮುಂದೆ ನಿಲ್ಲಿಸಿ, "ಇಳೀರಮ್ಮ, ಆಸ್ಪತ್ರೆ ಬಂತು," ಎಂದು ಮೆಲ್ಲಗೆ ಹೇಳಿ ಕಾಯುತ್ತೇನೆ. ಮೆಟ್ಟಿಲು ಸದ್ದು ಮಾಡುವುದಿಲ್ಲ.

ಮೊನ್ನೆ ಡಿಪೋದಲ್ಲಿ ಮೆಕ್ಯಾನಿಕ್ ಬಸ್ಸಿನಡಿಯಿಂದ ತಲೆ ಹೊರಹಾಕಿದ. "ಏನ್ ಗುರುವೇ, ಹೊಸಾ ಸ್ಪ್ರಿಂಗ್ ಹಾಕಿ ತಿಂಗಳಾಗಿಲ್ಲ, ಆಗ್ಲೇ ಕೂತುಬಿಟ್ಟಿದೆ. ಆ ಖಾಲಿ ರೂಟಲ್ಲಿ ದಿನಾ ಏನ್ ತುಂಬ್ಕೊಂಡು ಬರ್ತೀಯ?"

ನಾನು ತಿರುಗಿ ನೋಡಿದೆ. ಒಳಗೆ ಯಾರೂ ಇರಲಿಲ್ಲ. ಬಸ್ಸು ಬಾಗಿಲ ಕಡೆಗೆ ವಾಲಿಕೊಂಡು ನಿಂತಿತ್ತು.