ಗೂಬೆ ಹಿಂತಿರುಗದ ಕಣಿವೆ

ಹಿಮ ಕರಗಿ, ಬಿದ್ದ ಹೆಲಿಕಾಪ್ಟರಿನ ಬಾಲ ಹೊರಗೆ ಕಾಣುತ್ತಿದೆ ಎಂದು ಬೆಟ್ಟದ ಮಾರ್ಗದರ್ಶಿ ಸುದ್ದಿ ಕಳಿಸಿದ. ಗೂಬೆ ಎಂದು ಎಲ್ಲರೂ ಕರೆಯುತ್ತಿದ್ದವನ ಹೆಂಡತಿ ತನ್ನ ದನದಾಸ್ಪತ್ರೆಗೆ ಬೀಗ ಜಡಿದು ಹೊರಟೇ ಬಿಟ್ಟಳು. ಗಂಡನ ದೇಹ ಅವಳಿಗೆ ಸಿಕ್ಕಿತ್ತು. ಅವನು ಬಿದ್ದ ಜಾಗವನ್ನು ಯಾರೂ ತೋರಿಸಿರಲಿಲ್ಲ. ಜೊತೆಗೆ ಗಂಡನ ಗೆಳೆಯನಾಗಿದ್ದ ಪೈಲಟ್ ಹೊರಟ. ಹೊಸ ಹಿಮ ಬೀಳುವ ಮುಂಚೆ, ಮಾರ್ಗದರ್ಶಿಯೂ ಸೇರಿ ಮೂವರೂ ಹೋಗಿ ವಾಪಸಾಗಬೇಕಿತ್ತು.

ಕತ್ತಲಲ್ಲೂ ಕಣಿವೆಯ ತಳ ಕಾಣುವಂಥ ಕಣ್ಣು ಇದ್ದದ್ದರಿಂದ ಅವಳ ಗಂಡನಿಗೆ ಗೂಬೆ ಎಂಬ ಹೆಸರು ಬಿದ್ದಿತ್ತು. ಅವನೂ ಈ ಪೈಲಟ್ಟೂ ಒಟ್ಟಿಗೇ ಹಾರಲು ಕಲಿತವರು. ಮೇಲಿನ ಠಾಣೆಯಲ್ಲಿ ಸಿಕ್ಕಿಬಿದ್ದ ಗಾಯಾಳು ಸೈನಿಕರನ್ನು ತರಲು ಎರಡು ಹೆಲಿಕಾಪ್ಟರುಗಳಲ್ಲಿ ಹೋಗಿದ್ದರು. ಹಿಂತಿರುಗಿದ್ದು ಈ ಪೈಲಟ್‌ನದೊಂದೇ.

ಪೈನ್ ಮರಗಳು ಹಿಂದುಳಿದವು, ಆಮೇಲೆ ಹುಲ್ಲೂ ಮುಗಿಯಿತು. ಬೂದು ಬಂಡೆಗಳ ನಡುವೆ ಹಿಮನದಿಯೊಂದು ನಿಂತಲ್ಲೇ ನಿಂತು ಒಳಗೊಳಗೇ ಲಟಲಟ ಎನ್ನುತ್ತಿತ್ತು. ಹಿಂದೆ ಈ ದಾರಿಯನ್ನೆಲ್ಲ ಮೇಲಿನಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತಿದ್ದ ಪೈಲಟ್, ಈಗ ಹೆಜ್ಜೆ ಹೆಜ್ಜೆಗೂ ಏದುಸಿರು ಬಿಡುತ್ತಿದ್ದ.

ಮುರಿದ ಬಾಲ ಓರೆಯಾಗಿ ನಿಂತಿತ್ತು. ಅವಳು ಕೈಗವಸು ತೆಗೆದು ಅದನ್ನು ಮುಟ್ಟಿದಳು. ಆಮೇಲೆ, ತನ್ನ ಗಂಡ ಕೊನೆಗೆ ರೇಡಿಯೋದಲ್ಲಿ ಏನಂದ ಎಂದು ಪೈಲಟ್‌ನನ್ನು ಕೇಳಿದಳು.

“ನಿನ್ನ ಹತ್ರ ಇಬ್ಬರು ಗಾಯಾಳುಗಳಿದ್ದಾರೆ, ನೀನು ಕೆಳಗಿಳಿ. ಉಳಿದವನನ್ನ ನಾನು ತರ್ತೀನಿ ಅಂದ. ಮೋಡ ಮುಚ್ಕೊಳ್ತಾ ಇರೋದು ನನಗೂ ಕಾಣ್ತಿತ್ತು. ಆದ್ರೂ ಅವನನ್ನ ಬಿಟ್ಟು ಇಳಿದೆ.”

“ಮನೇಲೂ ಹೀಗೇ ಅಪ್ಪಣೆ ಕೊಡ್ತಿದ್ದ,” ಎಂದಳು ಅವಳು. “ನಾನು ಒಂದು ದಿನವೂ ಕೇಳಲಿಲ್ಲ. ನೀನು ಕೇಳಿದ್ದಕ್ಕೆ ಆ ಇಬ್ಬರು ಬದುಕಿದ್ದಾರೆ.”

ಪೈಲಟ್ ತಲೆಯಾಡಿಸಿದ. ಆದರೆ ಎದೆಯ ಮೇಲಿನ ಕಲ್ಲು ಅಷ್ಟಕ್ಕೇ ಇಳಿಯುವಂಥದ್ದಾಗಿರಲಿಲ್ಲ.

ಇಳಿಯುವಾಗ ಅವನ ಕಾಲಡಿಯ ಹಿಮ ಕುಸಿಯಿತು.

ಮೂವರ ಸೊಂಟಕ್ಕೂ ಕಟ್ಟಿದ್ದ ಹಗ್ಗ ಜಗ್ಗಿತು. ಅವನು ನೀಲಿ ಬಿರುಕಿನೊಳಗೆ ತೂಗಾಡಿದ. ಮಾರ್ಗದರ್ಶಿ ಕೊಡಲಿಯನ್ನು ಮಂಜಿಗೆ ನೆಟ್ಟು ಹಗ್ಗ ಬಿಗಿದ. ಒಳಗೆ ಎಂಥ ನಿಶ್ಶಬ್ದ! ಹೀಗೇ ಇದ್ದುಬಿಟ್ಟರೆ ಏನಾಯಿತು ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿದ್ದೂ ನಿಜ.

ಮೇಲಿನಿಂದ ಅವಳ ದನಿ ಬಂತು. “ಗೋಡೆಗೆ ಕಾಲು ಊರು. ಇನ್ನೊಬ್ಬನನ್ನ ಇಲ್ಲಿ ಬಿಟ್ಟು ಹೋಗೋಕೆ ನಾನು ಬಂದಿಲ್ಲ.”

ಅವನು ಬೂಟಿನ ಮುಳ್ಳನ್ನು ಮಂಜಿನ ಗೋಡೆಗೆ ಒದ್ದ. ಇನ್ನೊಮ್ಮೆ ಒದ್ದು ಮೇಲೇರಿದ. ಕಷ್ಟದ ಹೆರಿಗೆಗಳಲ್ಲಿ ಕರು ಎಳೆದು ಪಳಗಿದ ಅವಳ ಕೈಗಳು ಅವನ ಕಾಲರ್ ಹಿಡಿದು ಹೊರಗೆಳೆದು ಹಾಕಿದವು. ಮೂವರೂ ಮಂಜಿನ ಮೇಲೆ ಬಿದ್ದುಕೊಂಡು ಉಸಿರಿಗಾಗಿ ಒದ್ದಾಡಿದರು.

ಮರುದಿನ ಮಧ್ಯಾಹ್ನ ಕೆಳಗಿನ ಗುಡಿಸಲು ಮುಟ್ಟಿದ ಮೇಲೆ ಅವಳು ಅತ್ತೆಗೆ ಫೋನ್ ಮಾಡಿದಳು. ನೋಡಿದ್ದನ್ನು ನಾಲ್ಕು ಮಾತಲ್ಲಿ ಹೇಳಿ, ಫೋನನ್ನು ಪೈಲಟ್ ಕೈಗಿಟ್ಟಳು. ಗೆಳೆಯನ ಅಂತ್ಯಕ್ರಿಯೆಯ ನಂತರ ಅವನು ಆ ತಾಯಿಗೆ ಮುಖ ತೋರಿಸಿರಲಿಲ್ಲ.

“ನೀನೂ ಸುಸೂತ್ರ ಇಳಿದು ಬಂದ್ಯಾ ಮಗಾ?” ಎಂದು ಮುದುಕಿ ಕೇಳಿದರು.

ಅವನು ಮೇಲಿನ ಕಣಿವೆಯ ಕಡೆ ತಿರುಗಿ ನೋಡಿದ.

“ಬಂದೆ ಅಮ್ಮ,” ಎಂದ.