ಗೋಡೆಯಾಚೆ ಹೋದ ಬೇಸ್

ಬಾಡಿಗೆ ಮನೆಗಳ ಕಂಪನಿಯವರು ಒಂದು ಫ್ಲ್ಯಾಟಿನ ನಡುವೆ ಹಲಗೆಯ ಗೋಡೆ ಎಬ್ಬಿಸಿ ಎರಡು ಮಾಡಿದರು. ದೊಡ್ಡ ಕಿಟಕಿ ಒಂದು ಕಡೆಗೆ ಹೋಯಿತು, ಮನೆ ಬೆಚ್ಚಗಿಡುವ ದೊಡ್ಡ ರೇಡಿಯೇಟರ್ ಇನ್ನೊಂದು ಕಡೆಗೆ. ಬಾಡಿಗೆ ಎರಡೂ ಕಡೆ ಪೂರ್ತಿ.

ಕಿಟಕಿಯ ಪಾಲಿಗೆ ಬಿದ್ದವನು ಸಿಕ್ಸ್ಟೆನ್, ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಟ್ರಾಮ್ ಓಡಿಸುವವನು. ಪಾಳಿ ಮುಗಿಸಿ ಮಧ್ಯಾಹ್ನ ಬಂದವನೇ ಕೋಣೆಯ ನಟ್ಟನಡುವೆ ಕುರ್ಚಿ ಹಾಕಿಕೊಂಡು ರೆಗ್ಗೆ ಸಂಗೀತದ ರೆಕಾರ್ಡು ಹಚ್ಚುತ್ತಿದ್ದ. ಗಿಟಾರ್ ಕೇಳುತ್ತಿತ್ತು, ಹಾಡು ಕೇಳುತ್ತಿತ್ತು, ತಳದ ಧಿಮ್ ಧಿಮ್ ದನಿ, ಬೇಸ್, ಮಾತ್ರ ನಾಪತ್ತೆ. ಎದೆಗೆ ಗುದ್ದಬೇಕಾದದ್ದು ಕಿವಿಯನ್ನೂ ಮುಟ್ಟುತ್ತಿರಲಿಲ್ಲ. ವಾಲ್ಯೂಮ್ ಏರಿಸಿದ. ಇನ್ನೂ ಏರಿಸಿದ. ಗೋಡೆಯಾಚೆ ಮೊದಲಿದ್ದವರು ಎರಡು ಸಲ ದೂರು ಕೊಟ್ಟು, ಮನೆಯನ್ನೇ ಬಿಟ್ಟು ಹೋದರು. ಮೂರನೆಯ ದೂರು ಬಂದರೆ ಅವನೇ ಮನೆ ಖಾಲಿ ಮಾಡಬೇಕು ಎಂದು ಕಂಪನಿ ಪತ್ರ ಬರೆದಿತ್ತು.

ಆ ಕಡೆಗೆ ಹೊಸದಾಗಿ ಬಂದವಳು ತೂವಾ. ಊರು ಏಳುವ ಮುಂಚೆ ಬೇಕರಿಯಲ್ಲಿ ಹಿಟ್ಟು ನಾದಿ ಮಧ್ಯಾಹ್ನ ಮಲಗುವವಳು. ಆ ಊರಲ್ಲಿ ಬಾಗಿಲು ತಟ್ಟಿ ಜಗಳ ಆಡುವ ಪದ್ಧತಿಯಿಲ್ಲ. ಸಿಟ್ಟು ಬಂದವರು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಅವಳೂ ಅಂಟಿಸಿದಳು: "ಮಧ್ಯಾಹ್ನ ನಗಾರಿ ಬಾರಿಸುವ ಮಹಾಶಯನೇ, ನನ್ನ ಮಂಚ ನಡೆಯಲು ಕಲಿತಿದೆ. ಇವತ್ತು ಬಾಗಿಲವರೆಗೆ ಬಂದಿತ್ತು. ಸಾಕು ಮಾಡು."

ಅದಕ್ಕೆ ಸ್ವಲ್ಪ ಮುಂಚೆ ಚಿಕ್ಕಮ್ಮನಿಗೆ ಹುಟ್ಟುಹಬ್ಬದ ಕಾರ್ಡು ಬರೆದಿದ್ದಳು. ಕೈ ಅದೇ ಓಟದಲ್ಲಿ ಚೀಟಿಯ ಕೆಳಗೂ "ಅಪ್ಪುಗೆಯೊಂದಿಗೆ, ತೂವಾ" ಎಂದು ಗೀಚಿಬಿಟ್ಟಿತು.

ಸಿಕ್ಸ್ಟೆನ್ ಕೊನೆಯ ಸಾಲನ್ನು ಮೊದಲು ಓದಿದ, ಪಕ್ಕದ ಬಾಗಿಲ ಮೇಲಿದ್ದ ಹೆಸರೇ. ಉಳಿದದ್ದನ್ನು ಓದಲು ಪುರುಸೊತ್ತಾಗಲಿಲ್ಲ. ತಲೆ ಬಾಚಿಕೊಂಡು ಹೋಗಿ ಅವಳ ಬೆಲ್ ಒತ್ತಿದ.

"ಅಪ್ಪುಗೆಗೆ ಥ್ಯಾಂಕ್ಸ್," ಅಂದ.

"ಯಾವ ಅಪ್ಪುಗೆ?" ಅವಳ ಒಂದು ಕಣ್ಣು ಇನ್ನೂ ನಿದ್ದೆಯಲ್ಲಿತ್ತು, ಅದರ ರೆಪ್ಪೆಯ ಮೇಲೆ ಹಿಟ್ಟಿನ ಪುಡಿ. ಇನ್ನೊಂದು ಅವನನ್ನು ತಲೆಯಿಂದ ಕಾಲುಚೀಲದವರೆಗೆ ನಿಧಾನವಾಗಿ ಅಳೆಯಿತು.

"ನೀನೇ ಬರ್ದಿದ್ದೀಯಲ್ಲ. ಇಡೀ ಕಟ್ಟಡ ಓದ್ತಿದೆ."

"ಅಯ್ಯೋ ದೇವರೇ! ಅದು ಚಿಕ್ಕಮ್ಮಂದು! ನಿನ್ನ ಪಾಲಿಗಿದ್ದದ್ದು ಬೈಗುಳ ಕಣೋ. ಅಷ್ಟೊಂದು ಬೇಸ್ ಯಾತಕ್ಕೆ ನಿಂಗೆ?"

"ಬೇಸಾ? ಎಲ್ಲಿದೆ? ಒಂದು ವರ್ಷದಿಂದ ಹುಡುಕ್ತಿದ್ದೀನಿ!"

"ನನ್ನ ದಿಂಬಿನ ಕೆಳಗಿದೆ. ಬಂದು ತಗೊಂಡು ಹೋಗು!" ಅಂದಳು. ಅಂದದ್ದು ಏನೆಂದು ಹೊಳೆದಾಗ ಅವಳ ಕಿವಿ ಕೆಂಪಾಯಿತು. ಅವನದು ಆಗಲೇ ಕೆಂಪಾಗಿತ್ತು.

ನಂಬದೆ ಅವನ ಕೋಣೆಗೆ ಬಂದು, ಅವನ ಕುರ್ಚಿಯಲ್ಲೇ ಕೂತು ಕೇಳಿದಳು. ನಿಜವಾಗಿಯೂ ಏನಿಲ್ಲ, ಸೊಳ್ಳೆಗಳ ಸಂಗೀತ ಕಚೇರಿ. ಎದ್ದು ಗೋಡೆಯ ಹತ್ತಿರ ಹೋದರೆ ಧಿಮ್ ಧಿಮ್!

"ಪೆದ್ದಪ್ಪಾ, ಸಣ್ಣ ಕೋಣೆಯ ನಟ್ಟನಡುವೆ ಬೇಸ್ ಸತ್ತೇ ಹೋಗುತ್ತೆ. ನೀನು ಅಲ್ಲೇ ಕುರ್ಚಿ ಹಾಕಿದ್ದೀಯ. ಸ್ಪೀಕರ್ ಬೇರೆ ಕಂಪನಿಯ ರಟ್ಟಿನಂಥ ಗೋಡೆಗೆ ಆನಿಸಿದ್ದೀಯ. ಎಲ್ಲಾ ನನ್ನ ಕಡೆಗೇ ಸೋರ್ತಿದೆ. ನನ್ನಣ್ಣ ಸೌಂಡ್ ಸಿಸ್ಟಮ್ ಕೂರಿಸೋನು. ಕುರ್ಚಿನ ಹಿಂದಿನ ಗೋಡೆಗೆ ತಳ್ಳು, ಅದರ ಮೇಲೆ ಒಂದು ಸ್ಪೀಕರ್ ಇಡು. ಈಗ ಅಂಬೆಗಾಲಿಡು."

"ಏನು?"

"ನೆಲದ ಮೇಲೆ ತೆವಳಿ ಕೇಳು. ಸ್ಪೀಕರ್ ನಿನ್ನ ಜಾಗದಲ್ಲಿದೆ, ನೀನು ಅದರ ಜಾಗ ಹುಡುಕು. ಬೇಸ್ ಎಲ್ಲಿ ತುಂಬಿ ಬರುತ್ತೋ ಅಲ್ಲೇ ಸ್ಪೀಕರಿನ ಜಾಗ."

ಅವನು ಕಿಟಕಿಯಿಂದ ಹೊರಟ, ಅವಳು ಕಪಾಟಿನಿಂದ. ಇಬ್ಬರೂ ಕಣ್ಣು ಮುಚ್ಚಿ, ಕಿವಿ ನೆಲದತ್ತ ಬಾಗಿಸಿ, ಕಳೆದುಹೋದ ಗುಂಡಿ ಹುಡುಕುವವರಂತೆ. ಹಳೆಯ ಇಟ್ಟಿಗೆ ಗೋಡೆಯ ಮೂಲೆಯಲ್ಲಿ ಎರಡು ತಲೆ ಠಣ್ಣೆಂದವು.

"ಇಲ್ಲೇ," ಅಂದಳು ಹಣೆ ಉಜ್ಜಿಕೊಳ್ಳುತ್ತ.

"ಹೌದು, ಇಲ್ಲೇ," ಅಂದ. ಹಿಂದೆ ಸರಿಯಲಿಲ್ಲ. ಅವಳ ಕೂದಲಲ್ಲಿ ಏಲಕ್ಕಿ ಬನ್ನಿನ ವಾಸನೆಯಿತ್ತು.

ಸ್ಪೀಕರ್ ಎರಡನ್ನೂ ಆ ಗೋಡೆಗೆ ಸಾಗಿಸಿದರು. ವಾಲ್ಯೂಮ್ ಅರ್ಧಕ್ಕೆ ಇಳಿಸಿದರೂ ಬೇಸ್ ಎದೆಯೊಳಗೆ ಬಂದು ಕೂತಿತು.

"ಇನ್ನು ನನ್ನ ಕಡೆ ಏನೂ ಬರಲ್ವಾ?" ಕೇಳಿದಳು.

"ಬರಲ್ಲ."

"ಒಂಚೂರೂ?" ದನಿಯಲ್ಲಿ ಬೇಸರವಿತ್ತು. ಅವನು ನಕ್ಕ. ಅವಳು ಕಾಲಲ್ಲಿ ಅವನ ಕಾಲನ್ನು ಒದ್ದು, ಅಲ್ಲೇ ಇಟ್ಟಳು.

ಬೆಲ್ ಆಯಿತು. ಕಂಪನಿಯ ಹೋಕನ್, ಕೈಯಲ್ಲಿ ತೂವಾಳ ಚೀಟಿ. ಇಡೀ ಊರು ಪರಸ್ಪರ ಏಕವಚನದಲ್ಲಿ ಮಾತಾಡುತ್ತಿದ್ದರೆ ಇವನೊಬ್ಬ ಬಹುವಚನದವನು. ಮನೆ ಬಿಡಿಸುವಾಗ ಕಂಪನಿಗೆ ಮರ್ಯಾದೆ ಉಕ್ಕುತ್ತದೆ.

"ಇದು ಮೂರನೇ ದೂರು."

"ಅದು ದೂರಲ್ಲ," ಅಂದಳು ತೂವಾ, "ನೆರೆಹೊರೆಯ ಮಾತು."

"ಪರೀಕ್ಷೆ ಮಾಡಿಬಿಡೋಣ," ಅಂದ ಹೋಕನ್. "ಅವರು ಸ್ಪೀಕರ್‌ಗಳನ್ನ ಮೊದಲಿನ ಜಾಗದಲ್ಲಿಟ್ಟು ಬಾರಿಸಲಿ. ನೀವು ಗೋಡೆಯ ಆ ಕಡೆ ನಿಂತು ಕೇಳಿಸಿತು ಅಂತ ಹೇಳಿ. ನಿವಾಸಿ ತನ್ನ ಮನೆಯಲ್ಲೇ ನಿಂತು ಕೇಳಿದ್ದರೆ ಮಾತ್ರ ದೂರಿನ ಫಾರಂ ತುಂಬೋದು."

ಸಿಕ್ಸ್ಟೆನ್‌ನ ಮುಖ ಬಿಳಿಚಿತು. ಗೋಡೆಯ ಕಡೆ ನೋಡಿದ, ಅವಳ ಕಡೆ ನೋಡಲು ಧೈರ್ಯವಾಗಲಿಲ್ಲ.

ತೂವಾ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು. ಅವನ ಕೈ ಹಿಡಿದೆಳೆದು ಪಕ್ಕದ ನೆಲದಲ್ಲಿ ಕೂರಿಸಿಕೊಂಡಳು, ಕೈ ಬಿಡಲಿಲ್ಲ.

"ಎಷ್ಟು ಹೊತ್ತಾದರೂ ಕಾಯ್ತೀನಿ," ಅಂದ ಹೋಕನ್. "ದಯವಿಟ್ಟು ನಿಮ್ಮ ಕಡೆಗೆ ಹೋಗಿ."

"ಕಾಯಪ್ಪ, ಕಾಯಿ. ನಾನಂತೂ ಆ ಕಡೆ ಹೋಗಲ್ಲ."