ಮೂಲೆಯ ಮಂಚದ ತಂಬಿಗೆ

೧೯೭೪ರ ಬೇಸಿಗೆಯಲ್ಲಿ ನನ್ನ ಅಜ್ಜಿ ಮಾಣಿಕಮ್ಮ ಹುಮನಾಬಾದಿನ ಒಂದು ದವಾಖಾನೆಯ ಮೂಲೆಯ ಮಂಚದಲ್ಲಿದ್ದಳು. ಹೊಟ್ಟೆಯಲ್ಲಿ ಗಡ್ಡೆ. ಇನ್ನು ಔಷಧ ನಾಟುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ನರ್ಸ್ ಸುಗಂಧಾ ತಲೆಯ ಬಳಿ ಹಿತ್ತಾಳೆ ತಂಬಿಗೆಯಲ್ಲಿ ನೀರಿಟ್ಟು, "ಆಯಿ ಕೇಳಿದಾಗೆಲ್ಲ ಗುಟುಕು ಗುಟುಕು ಕೊಡ್ರಿ. ಇನ್ನ ಇದೇ ಔಷಧ," ಎಂದಳು.

ಅಜ್ಜಿಯ ಮಗ ವೈಜನಾಥ ಕಾಕಾ ಒಪ್ಪಲಿಲ್ಲ. "ನಳದ ನೀರೇ ಕಡೀ ಗುಟುಕಾದ್ರ ಹ್ಯಾಂಗ? ಚಿಟಗುಪ್ಪಾದಿಂದ ಅಯ್ಯನವರ ಪಾದೋದಕ ತರ್ತೀನಿ. ಅಲ್ಲೀತನಕ ಹನಿ ನೀರು ಹಾಕಬ್ಯಾಡ," ಎಂದು ನನಗೆ ಹೇಳಿ ಬಸ್ಸು ಹಿಡಿದ.

ಗುರುವಿನ ಪಾದ ತೊಳೆದ ಆ ನೀರು ಸಿಗದೆ ಸತ್ತವರು ಬಾವಿಕಟ್ಟೆಯ ಮೇಲೆ ಬಾಯಿ ತೆರೆದು ಕೂತಿರುತ್ತಾರೆಂದು ಅಜ್ಜಿಯೇ ನನಗೆ ಕಥೆ ಹೇಳಿದ್ದಳು. ನಾನು ತಂಬಿಗೆ ಮುಟ್ಟಲಿಲ್ಲ.

"ಅವು ನಿನ್ನ ಮಲಗಿಸಾಕ ಕಟ್ಟಿದ ಕಥಿ, ಹುಚ್ಚಿ. ನೀರು ಕೊಡು," ಎಂದಳು ಅಜ್ಜಿ.

"ತಡಿ ಆಯಿ, ಕಾಕಾ ಬರಾಕತ್ತಾನ."

ಮಧ್ಯಾಹ್ನ ಮೂರಕ್ಕೆ ಅವಳು ನೀರು ಕೇಳುವುದನ್ನು ನಿಲ್ಲಿಸಿದಳು. ಕಾಕಾ ಬಂದದ್ದು ನಾಲ್ಕಕ್ಕೆ, ಪಾದೋದಕದ ಸೀಸೆಯನ್ನು ಎದೆಗವಚಿಕೊಂಡು.

ತಿಂಗಳಾದ ಮೇಲೆ ಸುಗಂಧಾ ಸಂತೆಯಲ್ಲಿ ಸಿಕ್ಕಳು. ಆ ಮಂಚ ಖಾಲಿಯಿದ್ದರೂ ತಾನು ರೂಢಿಯಂತೆ ತುಂಬಿಟ್ಟ ತಂಬಿಗೆ ದಿನಾ ಮಧ್ಯಾಹ್ನ ಮೂರಕ್ಕೆ ಬರಿದಾಗುತ್ತದೆ ಎಂದಳು. ನಾನು ದವಾಖಾನೆಗೆ ಹೋಗಿ ಕೂತೆ. ಅವಳು ತುಂಬಿದ ತಂಬಿಗೆಯ ಬಾಯಿಗೆ ನಾನೇ ಬಟ್ಟೆ ಕಟ್ಟಿದೆ. ಮೂರಕ್ಕೆ, ಆ ಉರಿಬಿಸಿಲಲ್ಲೂ, ಮಂಚದ ಕಬ್ಬಿಣ ತಣ್ಣಗಾಯಿತು. ಗುಟುಕರಿಸುವ ಸಪ್ಪಳ ಕೇಳಿತು. ಗಂಟು ಬಿಚ್ಚಿದರೆ ಬಟ್ಟೆ ಒಣಗಿಯೇ ಇತ್ತು, ಒಳಗೆ ಹನಿಯಿರಲಿಲ್ಲ.

ಮರುದಿನ ನಾನೇ ತುಂಬಿಟ್ಟೆ. ಮೂರಾಯಿತು, ನಾಲ್ಕಾಯಿತು. ಹನಿ ಕೂಡ ಇಳಿಯಲಿಲ್ಲ. ಅದರ ಮರುದಿನ ಸುಗಂಧಾ ತುಂಬಿದಳು, ಬರಿದಾಯಿತು. ಹೀಗೆ ಒಂಬತ್ತು ದಿನ ನೋಡಿದೆ. ನನ್ನ ಕೈಯ ನೀರು ಮಾತ್ರ ಇದ್ದಷ್ಟೇ ಇತ್ತು.